ರಾಸಾಯನಿಕ ಕಾರ್ಖಾನೆಯಲ್ಲಿ ಆಪರೇಟರ್ ಕೆಲಸ: ಸೇರುವ ದಿನದಿಂದ ಸ್ವತಂತ್ರವಾಗಿ ಬ್ಯಾಚ್ ನಡೆಸುವವರೆಗೆ

ಬೀದರ್ ಪಕ್ಕದ ಕೊಳಾರ, ಹುಮನಾಬಾದ್ ಮತ್ತು ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಗಳಲ್ಲಿ ಔಷಧಿಯ ಮೂಲವಸ್ತುಗಳನ್ನೂ ಇತರ ರಾಸಾಯನಿಕಗಳನ್ನೂ ತಯಾರಿಸುವ ಕಾರ್ಖಾನೆಗಳಿವೆ. ಅಲ್ಲಿ ರಿಯಾಕ್ಟರ್ (ವಸ್ತುಗಳನ್ನು ಬೆರೆಸಿ ರಾಸಾಯನಿಕ ಕ್ರಿಯೆ ನಡೆಸುವ ಪಾತ್ರೆ), ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ಗಟ್ಟಿ ಮಾಲಿನಿಂದ ದ್ರವ ಬೇರ್ಪಡಿಸುವ ಯಂತ್ರ), ಡ್ರೈಯರ್‌ಗಳನ್ನು ನಡೆಸುವವನೇ ಆಪರೇಟರ್. ಒಂದು ಸಲಕ್ಕೆ ಪಾತ್ರೆಯಲ್ಲಿ ತಯಾರಾಗುವ ಮಾಲಿಗೆ ಬ್ಯಾಚ್ ಎನ್ನುತ್ತಾರೆ. ನಮ್ಮ ಭಾಗದ ಹುಡುಗರಲ್ಲಿ ಬಹಳ ಮಂದಿ ಮೊದಲು ಹೆಲ್ಪರ್ ಆಗಿ ಸೇರಿ, ಹಿರಿಯರ ಕೈಕೆಳಗೆ ಎರಡು ಮೂರು ವರ್ಷ ಡ್ರಮ್ ಉರುಳಿಸಿ, ನೋಡಿ ಕಲಿತು ಆಪರೇಟರ್ ಆಗುತ್ತಾರೆ. ನಾನೂ ಹಾಗೆಯೇ ಬಂದವನು. ನೋಡಿ ಕಲಿಯುವ ದಾರಿಯಲ್ಲಿ ಒಂದು ದೊಡ್ಡ ಕೊರತೆಯಿದೆ. ಯಾವ ವಾಲ್ವ್ ಯಾವಾಗ ತಿರುಗಿಸಬೇಕೆಂಬುದು ಕಣ್ಣಿಗೆ ಬೀಳುತ್ತದೆ. ಏಕೆ ತಿರುಗಿಸಬೇಕೆಂಬುದು ಬೀಳುವುದಿಲ್ಲ. ಆ ‘ಏಕೆ’ಯನ್ನು ನನಗೆ ಯಾರೂ ಕ್ರಮವಾಗಿ ಹೇಳಿಕೊಡಲಿಲ್ಲ, ಆದ್ದರಿಂದ ಹೊಸಬರಿಗಾಗಿ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಸೇರುವ ಮುನ್ನ

ಈ ಕೆಲಸಕ್ಕೆಂದೇ ಐ.ಟಿ.ಐ.ಯಲ್ಲಿ ‘ಅಟೆಂಡೆಂಟ್ ಆಪರೇಟರ್ (ಕೆಮಿಕಲ್ ಪ್ಲಾಂಟ್)’ ಎಂಬ 2 ವರ್ಷದ ಟ್ರೇಡ್ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಮತ್ತು ಗಣಿತ ಓದಿ ಪಾಸಾದವರು ಸೇರಬಹುದು. ಆ ಟ್ರೇಡ್ ಹತ್ತಿರದಲ್ಲಿ ಸಿಗದಿದ್ದರೆ ರಸಾಯನಶಾಸ್ತ್ರ ಇರುವ ಬಿ.ಎಸ್ಸಿ., ಕೆಮಿಕಲ್ ಡಿಪ್ಲೊಮಾ, ಇಲ್ಲವೆ ಫಿಟ್ಟರ್ ಟ್ರೇಡ್ ಮಾಡಿದವರೂ ಈ ಕೆಲಸಕ್ಕೆ ಬರುತ್ತಾರೆ. ಫಿಟ್ಟರ್ ಕಲಿತವನಿಗೆ ಪಂಪು, ಫ್ಲಾಂಜ್ (ಪೈಪುಗಳನ್ನು ಬೋಲ್ಟಿನಿಂದ ಜೋಡಿಸುವ ಅಂಚು), ಗ್ಯಾಸ್ಕೆಟ್ (ಆ ಜೋಡಣೆ ಸೋರದಂತೆ ನಡುವೆ ಇಡುವ ಪಟ್ಟಿ) ಬೇಗ ಕೈಗೆ ಹತ್ತುತ್ತವೆ, ರಸಾಯನ ನಿಧಾನವಾಗಿ ತಲೆಗೆ ಹತ್ತುತ್ತದೆ, ಬಿ.ಎಸ್ಸಿ. ಮಾಡಿದವನದು ಇದಕ್ಕೆ ತಿರುಗುಮುರುಗು. ಇಬ್ಬರೂ ಒಂದೇ ಶಿಫ್ಟಿನಲ್ಲಿದ್ದರೆ ಒಬ್ಬರಿಂದೊಬ್ಬರು ಕಲಿಯಬಹುದು.

ಸೇರುವಾಗ ಸಂಬಳವನ್ನು ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ ಮೂರು ವಿಷಯ ಕೇಳಿ: ಯಾವ ವಸ್ತುಗಳ ಜೊತೆ ಕೆಲಸ, ಕಂಪನಿಯ ಹೆಸರಿನಲ್ಲಿ ಸೇರಿಸಿಕೊಳ್ಳುತ್ತಾರೋ ಗುತ್ತಿಗೆದಾರನ ಹೆಸರಿನಲ್ಲೋ, ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಸಂಖ್ಯೆಯನ್ನು ಯಾವಾಗ ಕೊಡುತ್ತಾರೆ. ಸಂಬಳ ಇ.ಎಸ್.ಐ. ಮಿತಿಯೊಳಗಿದ್ದರೆ, ಗುತ್ತಿಗೆದಾರನ ಕೈಕೆಳಗೆ ಸೇರಿದರೂ ಆ ಸೌಲಭ್ಯ ನಿಮ್ಮ ಹಕ್ಕು. ಕಲಬುರಗಿಯಲ್ಲಿ ಇ.ಎಸ್.ಐ.ಸಿ. ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇರುವಾಗ, ಸಂಖ್ಯೆ ಕೈಯಲ್ಲಿಲ್ಲದೆ ಖಾಸಗಿ ದವಾಖಾನೆಯಲ್ಲಿ ಸಾಲ ಮಾಡಿ ಬಿಲ್ಲು ಕಟ್ಟಿದ ಕುಟುಂಬಗಳನ್ನು ನಾನು ನೋಡಿದ್ದೇನೆ.

ಮೊದಲ ತಿಂಗಳು: ಪೈಪಿನ ಹಿಂದೆ ನಡೆಯಿರಿ

ಹೊಸಬನಿಗೆ ನಾನು ಕೊಡುವ ಮೊದಲ ಕೆಲಸ ಯಂತ್ರ ಮುಟ್ಟುವುದಲ್ಲ, ನಡೆಯುವುದು. ಒಂದು ರಿಯಾಕ್ಟರನ್ನು ಆರಿಸಿಕೊಂಡು ಅದಕ್ಕೆ ಬರುವ ಮತ್ತು ಅದರಿಂದ ಹೋಗುವ ಪ್ರತಿಯೊಂದು ಪೈಪನ್ನು ಮೊದಲ ತುದಿಯಿಂದ ಕೊನೆಯ ತುದಿಯವರೆಗೆ ಹಿಂಬಾಲಿಸಬೇಕು. ಹಬೆ, ಕೂಲಿಂಗ್ ನೀರು, ಚಿಲ್ಡ್ ಬ್ರೈನ್ (ತಂಪು ಮಾಡಿದ ಉಪ್ಪುನೀರು), ನೈಟ್ರೋಜನ್, ವ್ಯಾಕ್ಯೂಮ್, ಸಾಲ್ವೆಂಟ್ (ಕರಗಿಸುವ ದ್ರವ), ಕಂಡೆನ್ಸರ್‌ಗೆ (ಆವಿಯನ್ನು ತಣಿಸಿ ದ್ರವವಾಗಿಸುವ ಸಾಧನ) ಏರುವ ಆವಿಯ ಪೈಪು, ಸ್ಕ್ರಬ್ಬರ್‌ಗೆ (ಹೊರಹೋಗುವ ಅನಿಲವನ್ನು ತೊಳೆಯುವ ಸಾಧನ) ಹೋಗುವ ವೆಂಟ್ (ಅನಿಲ ಹೊರಹೋಗುವ ಪೈಪು), ತಳದ ವಾಲ್ವ್, ಸುರಕ್ಷಾ ವಾಲ್ವ್ ಅಥವಾ ರಪ್ಚರ್ ಡಿಸ್ಕ್ (ಒತ್ತಡ ಮೀರಿದರೆ ಒಡೆಯುವ ತಗಡು) ಸಿಡಿದರೆ ಮಾಲು ಎಲ್ಲಿಗೆ ಹೋಗಿ ಬೀಳುತ್ತದೆ ಎಂಬುದು – ಇಷ್ಟನ್ನೂ ಒಂದು ಹಾಳೆಯ ಮೇಲೆ ಕೈಯಿಂದಲೇ ಗೀಚಿಕೊಳ್ಳಿ. ಕಚೇರಿಯಲ್ಲಿ ಅಚ್ಚುಕಟ್ಟಾದ ನಕ್ಷೆ ಇದ್ದೇ ಇರುತ್ತದೆ. ಆದರೂ ನಿಮ್ಮ ಕೈಯಿಂದ ಬರೆದ ನಕ್ಷೆಯೇ ರಾತ್ರಿ ಎರಡು ಗಂಟೆಗೆ ನೆನಪಿಗೆ ಬರುವುದು. ನಕ್ಷೆಗೂ ಕಣ್ಣಿಗೆ ಕಂಡದ್ದಕ್ಕೂ ವ್ಯತ್ಯಾಸ ಕಂಡರೆ ಇನ್‌ಚಾರ್ಜ್‌ಗೆ ಹೇಳಿ. ಪೈಪು ಬದಲಾದ ಮೇಲೆ ನಕ್ಷೆ ತಿದ್ದದೆ ಉಳಿದಿರುವುದು ಅಪರೂಪವೇನಲ್ಲ.

ಬಾಲ್ ವಾಲ್ವಿನ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ಇಷ್ಟು ಸರಳ ವಿಷಯವನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಕಾರ್ಖಾನೆಗಳಲ್ಲಿ ಕನ್ನಡ, ತೆಲುಗು, ಉರ್ದು, ಹಿಂದಿ ಎಲ್ಲವೂ ಒಂದೇ ಮಹಡಿಯ ಮೇಲೆ ನಡೆಯುತ್ತವೆ. ಯಂತ್ರದ ಸದ್ದಿನಲ್ಲಿ ಮೇಲಿನ ಮಹಡಿಯಿಂದ ಒಬ್ಬ ಕೂಗಿದ್ದು ಕೆಳಗಿನವನಿಗೆ ಅರ್ಧವೇ ಕೇಳಿಸುತ್ತದೆ. ‘ಬಂದ್ ಮಾಡಿದ್ಯಾ?’ ಎಂದು ಕೇಳಿದ್ದನ್ನು ‘ಬಂದ್ ಮಾಡು’ ಎಂದು ಕೇಳಿಸಿಕೊಂಡು ಕೂಲಿಂಗ್ ನೀರಿನ ವಾಲ್ವನ್ನು ಮುಚ್ಚಿದ ಸಂಗತಿ ನನ್ನ ಕಣ್ಣೆದುರಿನದು. ಆದ್ದರಿಂದ ವಾಲ್ವಿನ ವಿಷಯದಲ್ಲಿ ಕೂಗಾಟವನ್ನು ನಂಬಬೇಡಿ. ವಾಲ್ವಿನ ಸಂಖ್ಯೆಯನ್ನು ಹೇಳಿ, ಕೇಳಿದವನಿಂದ ಅದೇ ಸಂಖ್ಯೆಯನ್ನೂ ಕೆಲಸವನ್ನೂ ಮರಳಿ ಹೇಳಿಸಿಕೊಳ್ಳಿ, ಸಾಧ್ಯವಿದ್ದಲ್ಲಿ ಹೋಗಿ ಹಿಡಿಯನ್ನು ಕಣ್ಣಾರೆ ನೋಡಿ.

ಇದೇ ತಿಂಗಳಲ್ಲಿ ನೀವು ಕೈಹಾಕಲಿರುವ ಪ್ರತಿ ವಸ್ತುವಿನ ಸುರಕ್ಷತಾ ಮಾಹಿತಿ ಪತ್ರವನ್ನು ಓದಿ. ಅದು ಇಂಗ್ಲಿಷಿನಲ್ಲಿದ್ದರೆ ಸೂಪರ್‌ವೈಸರ್ ಪಕ್ಕದಲ್ಲಿ ಕುಳಿತು ಐದೇ ಐದು ವಿಷಯ ಕನ್ನಡದಲ್ಲಿ ಬರೆದುಕೊಳ್ಳಿ: ಎಷ್ಟು ತಾಪಕ್ಕೆ ಕುದಿಯುತ್ತದೆ, ಎಷ್ಟು ತಾಪದಲ್ಲಿ ಅದರ ಆವಿ ಕಿಡಿ ತಗುಲಿದರೆ ಹೊತ್ತುತ್ತದೆ, ನೀರು ಸೋಕಿದರೆ ಏನಾಗುತ್ತದೆ, ಮೈಗೆ ಬಿದ್ದರೆ ಮೊದಲು ಏನು ಮಾಡಬೇಕು, ಯಾವುದರ ಜೊತೆ ಸೇರಬಾರದು. ಟೊಲ್ಯುಯೀನ್ ಆವಿ ಹೊತ್ತಿಕೊಳ್ಳಲು 4 ಡಿಗ್ರಿ ಸೆಲ್ಸಿಯಸ್ ಸಾಕು, ಮೆಥನಾಲ್‌ಗೆ ಸುಮಾರು 11 ಡಿಗ್ರಿ. ಬೀದರ್‌ನ ಚಳಿಗಾಲದ ಮುಂಜಾವು ಕೂಡ ಸಾಮಾನ್ಯವಾಗಿ 4 ಡಿಗ್ರಿಗಿಂತ ಬೆಚ್ಚಗೇ ಇರುತ್ತದೆ. ಅಂದರೆ ನಮ್ಮ ಊರಲ್ಲಿ ಟೊಲ್ಯುಯೀನ್ ಡ್ರಮ್ಮಿನ ಬಾಯಿ ತೆರೆದ ಯಾವ ದಿನವೂ ಕಿಡಿಯಿಂದ ಸುರಕ್ಷಿತವಾದ ದಿನವಲ್ಲ.

ಶಿಫ್ಟ್ ವಹಿಸಿಕೊಳ್ಳುವುದು

ಈ ಬರಹದಲ್ಲಿ ಒಂದೇ ಭಾಗವನ್ನು ನೆನಪಿಟ್ಟುಕೊಳ್ಳುವಿರಾದರೆ ಇದನ್ನು ಇಟ್ಟುಕೊಳ್ಳಿ. ರಿಯಾಕ್ಟರಿನ ಒಳಗೆ ಏನಾಗುತ್ತಿದೆ ಎಂಬುದು ಆಪರೇಟರನ ಕಣ್ಣಿಗೆ ಕಾಣುವುದಿಲ್ಲ. ತಾಪ, ಒತ್ತಡ, ಅಜಿಟೇಟರ್ (ಒಳಗಿನದನ್ನು ಕಲಕುವ ಸಾಧನ) ಮೋಟಾರಿನ ಆಂಪಿಯರ್, ಸದ್ದು, ಜಾಕೆಟ್ಟಿನಿಂದ (ಪಾತ್ರೆಯ ಸುತ್ತ ಬಿಸಿ ಅಥವಾ ತಂಪು ಹಾಯಿಸುವ ಹೊರಕವಚ) ಹೊರಬರುವ ನೀರಿನ ಬಿಸಿ, ಇವುಗಳ ಮೂಲಕವೇ ಒಳಗಿನದನ್ನು ಊಹಿಸಬೇಕು. ಈ ಅಂಕಿಗಳಲ್ಲಿ ಯಾವೊಂದೂ ಒಂಟಿಯಾಗಿ ಹೆಚ್ಚೇನೂ ಹೇಳದು. ಅದು ಎತ್ತ ಹೊರಟಿದೆ ಎಂಬುದು ಹೇಳುತ್ತದೆ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನಲ್ಲಿ ಮೀಥೈಲ್ ಐಸೊಸಯನೇಟ್ ಎಂಬ ವಿಷದ್ರವ ತುಂಬಿದ ಟ್ಯಾಂಕಿಗೆ ನೀರು ಸೇರಿತ್ತು. ರಾತ್ರಿ 10.20ರ ಹೊತ್ತಿಗೆ ಟ್ಯಾಂಕಿನ ಒತ್ತಡ 2 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್) ಇತ್ತು. 10.45ಕ್ಕೆ ಶಿಫ್ಟ್ ಬದಲಾಯಿತು. 11 ಗಂಟೆಗೆ ಒತ್ತಡ 10 ಪಿ.ಎಸ್.ಐ. ತೋರಿಸುತ್ತಿತ್ತು. ಆ ಟ್ಯಾಂಕಿನಲ್ಲಿ 2ರಿಂದ 25ರವರೆಗೆ ಇರುವುದು ವಾಡಿಕೆಯಾಗಿದ್ದರಿಂದ 10 ಎಂಬ ಅಂಕಿ ಹೊಸದಾಗಿ ಬಂದವರಿಗೆ ಅಪಾಯವಾಗಿ ಕಾಣಲಿಲ್ಲ. ಮುಕ್ಕಾಲು ಗಂಟೆಯೊಳಗೆ ಅದು ಐದು ಪಟ್ಟಾಗಿತ್ತು ಎಂಬ ಸಂಗತಿ ಎರಡು ಶಿಫ್ಟುಗಳ ನಡುವಿನ ಸಂದಿಯಲ್ಲಿ ಬಿದ್ದುಹೋಯಿತು. ವಿಷಾನಿಲ ಸೋರಿದ ಆ ದುರಂತಕ್ಕೆ ಮುಖ್ಯ ಕಾರಣಗಳು ಬೇರೆಯೇ ಇದ್ದವು. ಟ್ಯಾಂಕನ್ನು ತಂಪಾಗಿಡುವ ವ್ಯವಸ್ಥೆಯನ್ನು ಮೊದಲೇ ನಿಲ್ಲಿಸಲಾಗಿತ್ತು, ಅನಿಲವನ್ನು ಸುಡಬೇಕಿದ್ದ ಫ್ಲೇರ್ ಬಳಕೆಯಲ್ಲಿರಲಿಲ್ಲ. ಅದರ ಹೊಣೆ ಆಪರೇಟರನದಲ್ಲ. ಆದರೆ ಗೇಜಿನ ಮುಂದೆ ನಿಲ್ಲುವ ನಮಗೆ ಆ ಎರಡು ಅಂಕಿಗಳು ಕಲಿಸುವುದನ್ನು ಬೇರೆ ಯಾವ ತರಬೇತಿಯೂ ಅಷ್ಟು ಚೆನ್ನಾಗಿ ಕಲಿಸಲಾರದು.

ಆದ್ದರಿಂದ ಹದಿನೈದು ನಿಮಿಷ ಮೊದಲೇ ಬನ್ನಿ. ಕ್ಯಾಬಿನ್ನಿನಲ್ಲಿ ನಿಂತು ‘ಎಲ್ಲಾ ಬರೋಬರಿ ಐತಿ’ ಎಂಬ ಮಾತಿನ ಮೇಲೆ ಸಹಿ ಹಾಕಬೇಡಿ. ಹೋಗುವವನ ಜೊತೆ ಪ್ರತಿ ಪಾತ್ರೆಯ ಬಳಿ ಹೋಗಿ ಈ ಪ್ರಶ್ನೆಗಳನ್ನು ಕೇಳಿ: ಒಳಗೆ ಏನಿದೆ, ಎಷ್ಟಿದೆ, ಬ್ಯಾಚಿನ ಯಾವ ಹಂತ ನಡೆಯುತ್ತಿದೆ, ಕಳೆದ ಎರಡು ಗಂಟೆಯಲ್ಲಿ ತಾಪ ಮತ್ತು ಒತ್ತಡ ಏರಿವೆಯೋ ಇಳಿದಿವೆಯೋ ಹಾಗೆಯೇ ನಿಂತಿವೆಯೋ, ಯಾವ ವಾಲ್ವ್ ಅಥವಾ ಪಂಪು ಕೆಟ್ಟಿದೆ, ಯಾವ ಅಲಾರಂ ಅಥವಾ ಇಂಟರ್‌ಲಾಕನ್ನು (ಅಪಾಯದಲ್ಲಿ ಯಂತ್ರವನ್ನು ತಾನಾಗಿ ತಡೆಯುವ ವ್ಯವಸ್ಥೆ) ತಾತ್ಕಾಲಿಕವಾಗಿ ತಪ್ಪಿಸಿಡಲಾಗಿದೆ, ಯಾವ ಪರ್ಮಿಟ್ (ಅಪಾಯದ ಕೆಲಸಕ್ಕೆ ಬರಹದ ಅನುಮತಿ) ಇನ್ನೂ ಮುಗಿದಿಲ್ಲ. ಬಳಿಕ ಲಾಗ್‌ಬುಕ್ ತೆರೆದು, ಅಲ್ಲಿ ಬರೆದ ಕೊನೆಯ ರೀಡಿಂಗನ್ನು ಈಗ ಗೇಜು ತೋರುತ್ತಿರುವುದರ ಪಕ್ಕದಲ್ಲಿಟ್ಟು ನೋಡಿ.

ಒಮ್ಮೆ ಬೆಳಗಿನ ಶಿಫ್ಟಿಗೆ ಬಂದಾಗ, ಐದು ಮುಕ್ಕಾಲಿಗೇ ಆರು ಗಂಟೆಯ ರೀಡಿಂಗು ಬರೆದಿತ್ತು. ಅದಕ್ಕಿಂತ ಹಿಂದಿನ ನಾಲ್ಕೂ ಸಾಲುಗಳಲ್ಲಿ ಒಂದೇ ಅಂಕಿ, ಒಂದೇ ಮಸಿ, ಒಂದೇ ಓರೆ. ನಿದ್ದೆಯ ಮಂಪರಿನಲ್ಲಿ ಕುಳಿತಲ್ಲೇ ತುಂಬಿಸಿದ ಪುಟವದು. ಆ ಹುಡುಗನನ್ನು ಬೈಯುವುದರಿಂದ ಪ್ರಯೋಜನವಿರಲಿಲ್ಲ. ಅವನು ಡಬಲ್ ಶಿಫ್ಟ್ ಮಾಡುತ್ತಿದ್ದ. ಹದಿನಾರು ಗಂಟೆ ನಿಲ್ಲಿಸಿದವರದೂ ಅದರಲ್ಲಿ ಪಾಲಿದೆ ಎಂದು ಇನ್‌ಚಾರ್ಜ್ ಮುಂದೆ ಹೇಳಿದೆ. ನೀವು ಮಾತ್ರ ಒಂದು ನಿಯಮ ಇಟ್ಟುಕೊಳ್ಳಿ. ರೀಡಿಂಗು ತೆಗೆಯುವುದು ತಪ್ಪಿಹೋಗಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು, ತಪ್ಪಿದ ಕಾರಣ ಬರೆಯಿರಿ. ಖಾಲಿ ಜಾಗ ಕಂಡರೆ ಮುಂದಿನವನು ಎಚ್ಚರವಾಗುತ್ತಾನೆ, ಸುಳ್ಳು ಅಂಕಿ ಕಂಡರೆ ನೆಮ್ಮದಿಯಾಗಿ ಕೂರುತ್ತಾನೆ.

ಬ್ಯಾಚ್ ಶುರು ಮಾಡುವ ಮುನ್ನ, ಚಾರ್ಜಿಂಗ್

ಪಾತ್ರೆ ಸ್ವಚ್ಛವಾಗಿದೆ ಎಂಬ ಚೀಟಿ, ಹಿಂದಿನ ಮಾಲಿನ ಡ್ರಮ್ಮು ಲೇಬಲ್ಲುಗಳು ಆ ಜಾಗದಲ್ಲಿ ಉಳಿದಿಲ್ಲ ಎಂಬ ಖಾತ್ರಿ, ತಳದ ವಾಲ್ವ್ ಮುಚ್ಚಿರುವುದು, ವೆಂಟ್ ತೆರೆದಿರುವುದು, ಸ್ಕ್ರಬ್ಬರ್ ಪಂಪು ಓಡುತ್ತಿರುವುದು, ಇವನ್ನು ಬ್ಯಾಚ್ ರೆಕಾರ್ಡ್ ಕೈಯಲ್ಲಿ ಹಿಡಿದೇ ಒಂದೊಂದಾಗಿ ನೋಡಿ. ತಳದ ವಾಲ್ವ್ ಅರೆತೆರೆದಿದ್ದು ಸಾಲ್ವೆಂಟ್ ನೆಲಕ್ಕೆ ಹರಿಯುವುದು ಈ ಕೆಲಸದ ಅತಿ ಹಳೆಯ ತಪ್ಪು.

ಚಾರ್ಜ್ ಮಾಡುವ, ಅಂದರೆ ಪಾತ್ರೆಗೆ ಹಾಕುವ, ಡ್ರಮ್ಮಿನ ಲೇಬಲ್ಲನ್ನು ಇಬ್ಬರು ಓದಬೇಕು: ಒಬ್ಬ ಹೆಸರು ಮತ್ತು ಲಾಟ್ ಸಂಖ್ಯೆಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬ ರೆಕಾರ್ಡಿನಲ್ಲಿ ಬೆರಳಿಟ್ಟು ನೋಡುವುದು. ಡ್ರಮ್ಮಿನ ಬಣ್ಣ ನೋಡಿ ಗುರುತಿಸುವ ಚಾಳಿ ಹಿಡಿಸಿಕೊಳ್ಳಬೇಡಿ.

ಸಾಲ್ವೆಂಟ್ ಹರಿಯುವಾಗ, ಅದರಲ್ಲೂ ಟೊಲ್ಯುಯೀನ್, ಹೆಪ್ಟೇನ್‌ನಂಥ ವಿದ್ಯುತ್ತನ್ನು ಸರಿಯಾಗಿ ಸಾಗಿಸದ ದ್ರವಗಳು ಹರಿಯುವಾಗ, ಪೈಪಿನ ಗೋಡೆಗೆ ಉಜ್ಜಿ ಸ್ಥಿರ ವಿದ್ಯುತ್ ಕೂಡುತ್ತದೆ. ಮೊದಲು ಪಾತ್ರೆಗೆ ನೈಟ್ರೋಜನ್ ಹಾಯಿಸಿ ಗಾಳಿಯನ್ನು ಹೊರಹಾಕಿ. ಡ್ರಮ್ಮಿಗೆ ಅರ್ಥಿಂಗ್ ಕ್ಲಿಪ್ ಹಾಕಿ, ಆಮೇಲಷ್ಟೇ ಬಿರಡೆ ತೆಗೆಯಿರಿ. ಕ್ಲಿಪ್ಪು ಬಣ್ಣದ ಮೇಲೆ ಕೂತರೆ ಹಾಕಿಯೂ ಹಾಕದಂತೆಯೇ; ಅದರ ಹಲ್ಲು ಲೋಹವನ್ನು ಕಚ್ಚಬೇಕು. ಪೈಪಿನ ತುದಿ ದ್ರವದಲ್ಲಿ ಮುಳುಗುವವರೆಗೆ ನಿಧಾನವಾಗಿ, ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆ ವೇಗದಲ್ಲಿ ಬಿಡಿ, ಮೇಲಿನಿಂದ ಚೆಲ್ಲಬೇಡಿ. ಪುಡಿಯನ್ನು ಹಾಕುವಾಗ ಇನ್ನೂ ಎಚ್ಚರ ಬೇಕು. ಸಾಲ್ವೆಂಟ್ ಇರುವ ಪಾತ್ರೆಯ ಮ್ಯಾನ್‌ಹೋಲ್ ತೆರೆದು, ಪಾಲಿಥಿನ್ ಚೀಲವನ್ನು ತಲೆಕೆಳಗಾಗಿಸಿ, ಕೊನೆಯ ಹಿಡಿ ಪುಡಿಗಾಗಿ ಪಟಪಟನೆ ಝಾಡಿಸುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಆ ಝಾಡಿಸುವಿಕೆಯಲ್ಲಿ ಹುಟ್ಟುವ ಕಿಡಿ ಕಣ್ಣಿಗೆ ಕಾಣದಷ್ಟು ಸಣ್ಣದಿರಬಹುದು, ಕೆಳಗಿನ ಆವಿಗೆ ಅಷ್ಟು ಸಾಕು. ಪುಡಿಯನ್ನು ಮೊದಲೇ ಹಾಕಿ, ಮುಚ್ಚಿ, ನೈಟ್ರೋಜನ್ ಕೊಟ್ಟು, ಆಮೇಲೆ ಸಾಲ್ವೆಂಟ್ ಬಿಡುವ ಕ್ರಮ ಸಾಧ್ಯವೇ ಎಂದು ಕೇಳಿ. ಕ್ರಮವನ್ನು ನೀವಾಗಿ ಬದಲಿಸುವಂತಿಲ್ಲ, ಆದರೆ ಕೇಳುವುದನ್ನು ಯಾರೂ ತಡೆಯಲಾರರು.

ಇನ್ನು ನಮ್ಮ ಬೇಸಿಗೆ. ಎಂ.ಡಿ.ಸಿ. ಎಂದು ಎಲ್ಲರೂ ಕರೆಯುವ ಮೀಥಿಲೀನ್ ಡೈಕ್ಲೋರೈಡ್ ಕುದಿಯುವುದು ಸುಮಾರು 40 ಡಿಗ್ರಿಗೆ. ಕಲಬುರಗಿ, ಯಾದಗಿರಿಯ ಮೇ ತಿಂಗಳಲ್ಲಿ ನೆರಳಿನ ಗಾಳಿಯೇ ಅದಕ್ಕಿಂತ ಬಿಸಿಯಾಗುತ್ತದೆ. ಬಿಸಿಲಿನಲ್ಲಿ ನಿಂತ ಡ್ರಮ್ಮಿನ ತಲೆ ಉಬ್ಬಿದ್ದರೆ ಅದನ್ನು ತೆರೆಯಬೇಡಿ. ನೆರಳಿಗೆ ಸರಿಸಿ, ತಣಿಯಲು ಬಿಟ್ಟು, ಮುಖವನ್ನು ಪಕ್ಕಕ್ಕೆ ತಿರುಗಿಸಿ ಸಣ್ಣ ಬಿರಡೆಯನ್ನು ಕಾಲು ಸುತ್ತು ಸಡಿಲಿಸಿ, ಸುಯ್ಯೆಂಬ ಸದ್ದು ಪೂರ್ತಿ ನಿಂತ ಮೇಲೆ ಮುಂದುವರಿಯಿರಿ.

ರಿಯಾಕ್ಷನ್ ನಡೆಯುವಾಗ

ಬಿಸಿ ಮಾಡುವುದಾದರೆ, ಹಬೆಯ ಪೈಪಿನಲ್ಲಿ ನಿಂತ ನೀರನ್ನು ಮೊದಲು ಹೊರಬಿಟ್ಟು, ವಾಲ್ವನ್ನು ನಿಧಾನವಾಗಿ ತೆರೆಯಿರಿ. ಅವಸರದಲ್ಲಿ ತೆರೆದರೆ ಹಬೆ ಆ ನೀರನ್ನು ಗುಂಡಿನಂತೆ ತಳ್ಳಿ ಪೈಪು ಧಡಧಡನೆ ಬಡಿದುಕೊಳ್ಳುತ್ತದೆ. ಫ್ಲಾಂಜ್‌ಗಳು ಕಿತ್ತುಹೋಗುವುದು ಹೀಗೆಯೇ. ಗೇಜಿನಲ್ಲಿ 3 ಕೆ.ಜಿ. (ಚದರ ಸೆಂಟಿಮೀಟರಿಗೆ) ಒತ್ತಡವಿರುವ ಹಬೆ ಸುಮಾರು 143 ಡಿಗ್ರಿ ಬಿಸಿಯಿರುತ್ತದೆ ಎಂಬುದನ್ನು ನೆನಪಿಡಿ, ಏಕೆಂದರೆ ಒಳಗಿನ ಮಾಲು 60 ಡಿಗ್ರಿ ತೋರಿಸುತ್ತಿದ್ದರೂ ಗೋಡೆಗೆ ತಾಗಿದ ಮಾಲು ಅದಕ್ಕಿಂತ ಬಹಳ ಬಿಸಿಯಾಗಿರುತ್ತದೆ. ಬೇಕಾದ ತಾಪಕ್ಕೆ ಐದಾರು ಡಿಗ್ರಿ ಇರುವಾಗಲೇ ಹಬೆ ಕಡಿಮೆ ಮಾಡಿ. ಜಾಕೆಟ್ಟಿನಲ್ಲಿ ಉಳಿದ ಬಿಸಿ ಉಳಿದದ್ದನ್ನು ಏರಿಸುತ್ತದೆ.

ಗ್ಲಾಸ್‌ಲೈನ್ಡ್ ರಿಯಾಕ್ಟರನ್ನು ನಡೆಸುವವರು ಅದರ ಒಳಮೈ ಗಾಜು ಎಂಬುದನ್ನು ಮರೆಯಬಾರದು. ಬಿಸಿ ಪಾತ್ರೆಯ ಜಾಕೆಟ್ಟಿಗೆ ಒಮ್ಮೆಲೇ ಬ್ರೈನ್ ಬಿಟ್ಟರೆ ಗಾಜು ಬಿರುಕು ಬಿಡುತ್ತದೆ. ಹಬೆಯ ಒತ್ತಡ ಇಳಿಸಿ, ಜಾಕೆಟ್ ಖಾಲಿ ಮಾಡಿ, ಮೊದಲು ಕೂಲಿಂಗ್ ನೀರು, ಆಮೇಲೆ ಬ್ರೈನ್ ಎಂಬ ಕ್ರಮದಲ್ಲಿ ಹೋಗಬೇಕು. ತಯಾರಕರು ಹೇಳಿದ ತಾಪದ ಅಂತರವನ್ನು ಮೀರಬಾರದು. ಗಟ್ಟಿಯಾದ ಮಾಲನ್ನು ಕೆದಕಲು ಕಬ್ಬಿಣದ ಸಲಾಕೆ ಒಳಗಿಳಿಸುವುದಂತೂ ಸಲ್ಲದು.

ಹನಿ ಹನಿಯಾಗಿ ಒಂದು ವಸ್ತುವನ್ನು ಬಿಡುತ್ತ ರಿಯಾಕ್ಷನ್ ನಡೆಸುವ ಹಂತ ಈ ಕೆಲಸದ ತಿರುಳು. ಬಿಸಿ ಹುಟ್ಟಿಸುವ ರಿಯಾಕ್ಷನ್‌ಗಳಲ್ಲಿ ಬಿಟ್ಟ ವಸ್ತು ಆಗಿಂದಾಗಲೇ ಖರ್ಚಾಗುತ್ತಿರಬೇಕು. ಖರ್ಚಾಗದೆ ಒಳಗೆ ಕೂಡುತ್ತ ಹೋದರೆ, ಒಮ್ಮೆ ಶುರುವಾದಾಗ ಎಲ್ಲವೂ ಒಟ್ಟಿಗೆ ಹೊತ್ತಿಕೊಂಡಂತೆ ಬಿಸಿ ಏರುತ್ತದೆ. ತಾಪ 10 ಡಿಗ್ರಿ ಏರಿದಾಗಲೆಲ್ಲ ರಿಯಾಕ್ಷನ್ನಿನ ವೇಗ ಸುಮಾರು ಎರಡು ಪಟ್ಟಾಗುವುದರಿಂದ, ಒಂದು ಹಂತದ ನಂತರ ಯಾವ ಕೂಲಿಂಗೂ ಅದನ್ನು ಹಿಡಿಯಲಾರದು.

ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಆಮ್ಲದ ಕ್ಲೋರೈಡೊಂದನ್ನು ನಾಲ್ಕು ಗಂಟೆಯ ಅವಧಿಯಲ್ಲಿ ಬಿಡಬೇಕಿತ್ತು. ಮೊದಲ ಒಂದು ಗಂಟೆ ತಾಪ ಏರಲು ನೋಡುತ್ತಿತ್ತು, ನಾವು ಬ್ರೈನ್ ಹೆಚ್ಚಿಸಿ ಹಿಡಿಯುತ್ತಿದ್ದೆವು. ಎರಡನೆಯ ಗಂಟೆಯಲ್ಲಿ ತಾಪ ತಾನಾಗಿಯೇ ಇಳಿಯತೊಡಗಿತು. ಜೊತೆಗಿದ್ದ ಹೊಸ ಹುಡುಗ ‘ಅಣ್ಣಾ, ಈಗ ಕಂಟ್ರೋಲಿಗೆ ಬಂತು, ಸ್ವಲ್ಪ ಜಾಸ್ತಿ ಬಿಡಲೇನ್ರಿ?’ ಎಂದ. ಬ್ರೈನಿನ ವಾಲ್ವ್ ಇದ್ದಷ್ಟೇ ಇತ್ತು, ಬಿಡುತ್ತಿದ್ದ ವೇಗವೂ ಅಷ್ಟೇ ಇತ್ತು. ಹಾಗಿದ್ದರೆ ತಾಪ ಏಕೆ ಇಳಿಯಬೇಕು? ಪ್ಯಾನೆಲ್ಲಿಗೆ ಹೋಗಿ ನೋಡಿದರೆ, 14ರ ಸುತ್ತ ಇರುತ್ತಿದ್ದ ಅಜಿಟೇಟರ್ ಆಂಪಿಯರ್ 9ಕ್ಕೆ ಇಳಿದಿತ್ತು. ಮೋಟಾರು ಓಡುತ್ತಿತ್ತು, ಸದ್ದೂ ಬರುತ್ತಿತ್ತು. ಗೇರ್‌ಬಾಕ್ಸ್ ಕೆಳಗಿನ ಕಪ್ಲಿಂಗ್ ಜಾರಿ ಶಾಫ್ಟು ನಿಂತಿತ್ತು. ಒಳಗೆ ಕಲಕುವವರಿಲ್ಲದೆ, ಬಿಟ್ಟ ವಸ್ತು ಒಂದು ಪದರವಾಗಿ ಕೂತಿತ್ತು.

ಆಗ ಮಾಡಿದ್ದು ಇಷ್ಟು: ಬಿಡುವುದನ್ನು ತಕ್ಷಣ ನಿಲ್ಲಿಸಿ ವಾಲ್ವನ್ನು ಗಟ್ಟಿಯಾಗಿ ಮುಚ್ಚಿದೆವು, ಬ್ರೈನ್ ಪೂರ್ತಿ ತೆರೆದೆವು, ಮೋಟಾರು ನಿಲ್ಲಿಸಿ ಸ್ವಿಚ್ಚಿಗೆ ಬೀಗ ಹಾಕಿದೆವು, ಶಿಫ್ಟ್ ಇನ್‌ಚಾರ್ಜ್‌ಗೆ ಫೋನ್ ಮಾಡಿ, ಮಹಡಿಯ ಮೇಲೆ ಬೇಡದವರನ್ನು ಕೆಳಗೆ ಕಳಿಸಿದೆವು. ಮಾಡದೆ ಬಿಟ್ಟದ್ದು ಅದಕ್ಕಿಂತ ಮುಖ್ಯ: ಅಜಿಟೇಟರನ್ನು ಮತ್ತೆ ಚಾಲೂ ಮಾಡಿ ನೋಡಲಿಲ್ಲ. ಕೂಡಿಕೊಂಡ ವಸ್ತುವನ್ನು ಒಮ್ಮೆಲೇ ಕಲಕಿದರೆ, ಎರಡು ಗಂಟೆಯಲ್ಲಿ ಬರಬೇಕಾದ ಬಿಸಿ ಎರಡು ನಿಮಿಷದಲ್ಲಿ ಬರುತ್ತದೆ. ಮುಂದೆ ಹೇಗೆ ಎಂಬುದನ್ನು ಪ್ರಕ್ರಿಯೆ ಬಲ್ಲ ಇಂಜಿನಿಯರುಗಳು ಬಂದು ಲೆಕ್ಕಹಾಕಿ ತೀರ್ಮಾನಿಸಿದರು. ಬೆಳಗಾಗುವ ಹೊತ್ತಿಗೆ ಏನೂ ಆಗದೆ ಮುಗಿಯಿತು. ಆ ಹುಡುಗ ಈಗ ಒಳ್ಳೆಯ ಆಪರೇಟರ್. ಆಂಪಿಯರ್ ನೋಡದೆ ತಾಪ ಬರೆಯುವುದಿಲ್ಲ.

ತಾಪ ಏರಿದಾಗ ಎಚ್ಚರವಾಗುವುದನ್ನು ಯಾರೂ ಕಲಿಸಬೇಕಿಲ್ಲ. ಏರಬೇಕಾದಲ್ಲಿ ಏರದಿದ್ದಾಗ ಎಚ್ಚರವಾಗುವುದನ್ನು ಕಲಿಯಬೇಕು.

ಡಿಸ್ಟಿಲೇಷನ್, ಸೆಂಟ್ರಿಫ್ಯೂಜ್, ಡ್ರೈಯರ್

ವ್ಯಾಕ್ಯೂಮಿನಲ್ಲಿ ಸಾಲ್ವೆಂಟನ್ನು ಆವಿ ಮಾಡಿ ತೆಗೆಯುವಾಗ (ಡಿಸ್ಟಿಲೇಷನ್) ಮೊದಲು ಕಂಡೆನ್ಸರ್‌ಗೆ ನೀರು, ಆಮೇಲೆ ವ್ಯಾಕ್ಯೂಮ್, ಕೊನೆಗೆ ಬಿಸಿ. ನಿಲ್ಲಿಸುವಾಗ ಮೊದಲು ಬಿಸಿ ನಿಲ್ಲಬೇಕು. ವ್ಯಾಕ್ಯೂಮ್ ಬಿಡಿಸುವಾಗ ನೈಟ್ರೋಜನ್ನಿನಿಂದಲೇ ಬಿಡಿಸಿ. ಬಿಸಿ ಆವಿ ತುಂಬಿದ ಪಾತ್ರೆಗೆ ಹೊರಗಿನ ಗಾಳಿಯನ್ನು ಒಳಬಿಟ್ಟರೆ ಬೆಂಕಿಗೆ ಬೇಕಾದ ಆಮ್ಲಜನಕವನ್ನು ನೀವೇ ಕೊಟ್ಟಂತಾಗುತ್ತದೆ.

ಸೆಂಟ್ರಿಫ್ಯೂಜಿನಲ್ಲಿ ಮಾಲನ್ನು ಕಡಿಮೆ ವೇಗದಲ್ಲಿ, ಸುತ್ತಲೂ ಸಮನಾಗಿ ಕೂರುವಂತೆ ಬಿಡಬೇಕು. ಅಲುಗಾಟ ಹೆಚ್ಚಾದರೆ ಫೀಡ್ ನಿಲ್ಲಿಸಿ ವೇಗ ಇಳಿಸಿ. ನೈಟ್ರೋಜನ್ ಹಾಯದಿದ್ದರೆ ಯಂತ್ರವನ್ನು ಓಡಿಸಬೇಡಿ. ಬುಟ್ಟಿ ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆರೆಯದಂತೆ ಮಾಡಿರುವ ಇಂಟರ್‌ಲಾಕನ್ನು ತಂತಿ ಕಟ್ಟಿ ತಪ್ಪಿಸಿರುವುದು ಕಂಡರೆ ಆ ಯಂತ್ರದಲ್ಲಿ ಕೆಲಸ ಮಾಡಲಾರೆ ಎಂದು ನೇರವಾಗಿ ಹೇಳಿ. ಬ್ಯಾಚ್ ತಡವಾದದ್ದು ನಾಳೆಗೆ ಮರೆತುಹೋಗುತ್ತದೆ; ಕಳೆದ ಕೈ ಮರಳದು. ಡ್ರೈಯರಿನಲ್ಲಿ ನಿಧಾನವಾಗಿ ತಾಪ ಏರಿಸುವುದು, ಮಾಲು ತಣಿದ ಮೇಲೆ ತೆರೆಯುವುದು, ಪುಡಿ ಮೂಗಿಗೆ ಹೋಗದಂತೆ ಸರಿಯಾದ ಮಾಸ್ಕ್ ಧರಿಸುವುದು, ಇಷ್ಟು ಗಮನದಲ್ಲಿರಲಿ.

ಲೈನ್ ಬಿಚ್ಚುವುದು, ಪಾತ್ರೆಯೊಳಗೆ ಇಳಿಯುವುದು

ಪೈಪು ಬಿಚ್ಚುವ ಮುನ್ನ ಎರಡೂ ಕಡೆಯ ವಾಲ್ವ್ ಮುಚ್ಚಿ ಬೀಗ ಹಾಕಿ, ಒತ್ತಡ ಇಳಿಸಿ, ದ್ರವ ಹೊರಬಿಟ್ಟು, ಪರ್ಮಿಟ್ ಪಡೆಯಬೇಕು. ಇಷ್ಟಾದರೂ ಒಳಗೆ ಏನೋ ಉಳಿದಿದೆ ಎಂದೇ ಎಣಿಸಿ. ಬೋಲ್ಟುಗಳನ್ನು ಸಡಿಲಿಸುವಾಗ ನಿಮ್ಮಿಂದ ದೂರದ ಬದಿಯದನ್ನು ಮೊದಲು ಸಡಿಲಿಸಿ, ಒಳಗಿನದು ಚಿಮ್ಮಿದರೆ ಆಚೆಗೆ ಚಿಮ್ಮಲಿ.

ಪಾತ್ರೆಯೊಳಗೆ ಇಳಿಯುವ ಕೆಲಸದ ಅಪಾಯವನ್ನು ನಮ್ಮ ಹಳ್ಳಿಗಳ ಹಿರಿಯರು ಬಲ್ಲರು. ಜೋಳ ತುಂಬಿದ ಹಗೇವು (ಧಾನ್ಯ ಕೂಡಿಡುವ ನೆಲದಡಿಯ ಗುಂಡಿ) ತೆಗೆದ ದಿನ ನಮ್ಮ ಅಜ್ಜ ಯಾರನ್ನೂ ಒಳಗೆ ಇಳಿಯಗೊಡುತ್ತಿರಲಿಲ್ಲ. ಬಾಯಿ ತೆರೆದು ಗಾಳಿಗೆ ಬಿಟ್ಟು, ಮರುದಿನ ಹಗ್ಗಕ್ಕೆ ಕಟ್ಟಿದ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು ಎನ್ನುತ್ತಿದ್ದ. ಕಾರ್ಖಾನೆಯಲ್ಲಿ ದೀಪ ಇಳಿಸುವಂತಿಲ್ಲ, ಆವಿ ಹೊತ್ತಿಕೊಳ್ಳುತ್ತದೆ. ಆ ದೀಪದ ಜಾಗದಲ್ಲಿ ಗ್ಯಾಸ್ ಮೀಟರ್ ಇದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ 20.9 ಪ್ರತಿಶತ ಇರುತ್ತದೆ. ಪಾತ್ರೆಯ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಅಳೆದಾಗ ಅದು 19.5ರಿಂದ 23.5ರ ಒಳಗಿರಬೇಕು; ಹೊತ್ತಿಕೊಳ್ಳುವ ಆವಿ ಮತ್ತು ವಿಷಾನಿಲವನ್ನೂ ಅಳೆಯಬೇಕು. ನೈಟ್ರೋಜನ್, ಹಬೆ, ಸಾಲ್ವೆಂಟ್ ಲೈನುಗಳನ್ನು ಬರಿಯ ವಾಲ್ವ್ ಮುಚ್ಚಿ ಬಿಡದೆ, ಬಿಚ್ಚಿ ಬೇರ್ಪಡಿಸಿರಬೇಕು ಅಥವಾ ತಗಡಿನ ಬ್ಲೈಂಡ್ (ಪೈಪಿನ ಬಾಯಿ ಮುಚ್ಚುವ ಬಿಲ್ಲೆ) ಹಾಕಿರಬೇಕು. ಅಜಿಟೇಟರಿನ ಸ್ವಿಚ್ಚಿಗೆ ಹಾಕಿದ ಬೀಗದ ಕೈ ಇಳಿಯುವವನ ಕಿಸೆಯಲ್ಲೇ ಇರಲಿ. ಮ್ಯಾನ್‌ಹೋಲಿನ ಬಳಿ ಒಬ್ಬ ಕಾವಲಿಗೆ ನಿಂತಿರಬೇಕು, ಅವನಿಗೆ ಬೇರೆ ಕೆಲಸ ಹೇಳಬಾರದು.

ನೈಟ್ರೋಜನ್ನಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರು ಕಟ್ಟುವ ಅನುಭವವನ್ನೂ ಅದು ಕೊಡುವುದಿಲ್ಲ. ಆಮ್ಲಜನಕವಿಲ್ಲದ ಕಡೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯಬಹುದು. ಬಿದ್ದವನನ್ನು ಎತ್ತಲು ಹಾಗೆಯೇ ಜಿಗಿದ ಎರಡನೆಯವನೂ ಅಲ್ಲೇ ಉಳಿಯುತ್ತಾನೆ. ಕಾವಲುಗಾರ ಮಾಡಬೇಕಾದದ್ದು ಕೂಗಿ ಅಲಾರಂ ಒತ್ತುವುದು, ಸೊಂಟಪಟ್ಟಿಗೆ ಕಟ್ಟಿದ ಹಗ್ಗದಿಂದ ಹೊರಗಿನಿಂದಲೇ ಎಳೆಯುವುದು. ಗೆಳೆಯ ಒಳಗೆ ಬಿದ್ದಿರುವಾಗ ಜಿಗಿಯದೆ ನಿಲ್ಲುವುದು ಎಷ್ಟು ಕಷ್ಟವೆಂದು ಬಲ್ಲೆ; ಆದ್ದರಿಂದಲೇ ಇದನ್ನು ಮೊದಲೇ ಮನಸ್ಸಿನಲ್ಲಿ ನಿರ್ಧರಿಸಿಕೊಂಡಿರಬೇಕು.

ಅವಘಡದ ಹೊತ್ತು

ಆಮ್ಲ ಅಥವಾ ಕ್ಷಾರ ಮೈಗೆ ಬಿದ್ದರೆ ತಕ್ಷಣ ಶವರ್ ಕೆಳಗೆ ನಿಂತು, ಬಟ್ಟೆ ಕಳಚಿ, ಕನಿಷ್ಠ 15 ನಿಮಿಷ ನೀರು ಸುರಿದುಕೊಳ್ಳಬೇಕು. ಕಣ್ಣಿಗಾದರೆ ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿಯಬೇಕು. ಆಮ್ಲಕ್ಕೆ ಸೋಡಾ ಹಚ್ಚುವಂಥ ಉಪಾಯ ಬೇಡ. ಶವರಿನ ನೀರು ಬರುತ್ತದೆಯೇ ಎಂದು ಶಿಫ್ಟಿನ ಆರಂಭದಲ್ಲೇ ನೋಡಿರಿ. ಬೇಸಿಗೆಯಲ್ಲಿ ಬಿಸಿಲು ಕುಡಿದ ಪೈಪಿನ ಮೊದಲ ನೀರು ಸುಡುವಷ್ಟು ಬಿಸಿಯಿರುವುದರಿಂದ ಅದನ್ನು ಆಗಲೇ ಹರಿಸಿಬಿಡುವುದು ಒಳ್ಳೆಯದು. ಅನಿಲ ಸೋರಿದರೆ ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರುವ ಬಟ್ಟೆಯ ಚೀಲ) ನೋಡಿ, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಸರಿದು, ಬಳಿಕ ಗಾಳಿ ಬರುವ ಕಡೆಗೆ ಹೋಗಿ.

ಸಲ್ಫೈಡ್ ಇರುವ ತೊಳೆನೀರು ಮತ್ತು ಆಮ್ಲದ ತೊಳೆನೀರು ಒಂದೇ ಟ್ಯಾಂಕಿಗೆ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ಅದರ ವಾಸನೆ ಸುಮಾರು 100 ಪಿ.ಪಿ.ಎಂ. (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ಮೀರಿದರೆ ಮೂಗಿಗೆ ತಿಳಿಯುವುದೇ ನಿಲ್ಲುತ್ತದೆ. ವಾಸನೆ ಹೋಯಿತೆಂದು ಹತ್ತಿರ ಹೋದವನು ಬೀಳುತ್ತಾನೆ. ಯಾವ ನೀರು ಯಾವ ಟ್ಯಾಂಕಿಗೆ ಎಂಬುದು ಆಪರೇಟರನ ವಾಲ್ವಿನಲ್ಲೇ ತೀರ್ಮಾನವಾಗುತ್ತದೆ. ಮಳೆ ಬಂದ ರಾತ್ರಿ ತೊಳೆನೀರನ್ನು ಮಳೆಯ ಕಾಲುವೆಗೆ ಬಿಡು ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ, ಬರೆದುಕೊಡಿ ಎನ್ನಿ. ಆ ಕಾಲುವೆಯ ಕೊನೆಯಲ್ಲಿ ಯಾರದೋ ತೊಗರಿ ಹೊಲವಿದೆ, ಎಮ್ಮೆ ನೀರು ಕುಡಿಯುವ ಹಳ್ಳವಿದೆ. ಬಹಳ ಸಲ ಅದು ನಮ್ಮಲ್ಲೇ ಒಬ್ಬನ ಊರು.

ಕಣ್ಣೆದುರು ಅಪಾಯ ಕಂಡಾಗ ಅದನ್ನು ಸೂಪರ್‌ವೈಸರ್‌ಗೂ ಸುರಕ್ಷಾ ಸಮಿತಿಗೂ ಕಾರ್ಖಾನೆಗಳ ನಿರೀಕ್ಷಕರಿಗೂ ತಿಳಿಸುವ ಹಕ್ಕನ್ನು, ಭೋಪಾಲಿನ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿ ಕಾರ್ಮಿಕನಿಗೆ ಕೊಟ್ಟಿತು. ಬರಹದಲ್ಲಿ ತಿಳಿಸಿ, ದಿನಾಂಕ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.

ನಿಮ್ಮ ಮೈ

ಮೇ ತಿಂಗಳಲ್ಲಿ ರಬ್ಬರ್ ಏಪ್ರನ್, ಗ್ಲೌಸ್, ಫೇಸ್ ಶೀಲ್ಡ್ ಹಾಕಿಕೊಂಡು ಅರ್ಧ ಗಂಟೆ ನಿಂತರೆ ಬೂಟಿನಲ್ಲಿ ಬೆವರು ನಿಲ್ಲುತ್ತದೆ. ಅದಕ್ಕಾಗಿ ಶೀಲ್ಡ್ ತೆಗೆಯುವುದಲ್ಲ. ಇಬ್ಬರು ಪಾಳಿ ಹಾಕಿಕೊಂಡು ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗಿ, ಪ್ರೊಸೆಸ್ ಜಾಗದಿಂದ ಹೊರಬಂದು ಕೈತೊಳೆದು ನೀರು ಕುಡಿಯಿರಿ. ಮಾಲು ಹತ್ತಿದ ಯೂನಿಫಾರ್ಮನ್ನು ಮನೆಗೆ ಒಯ್ದು ಮಕ್ಕಳ ಬಟ್ಟೆಯ ಜೊತೆ ನೆನೆಸಬೇಡಿ. ಕಾರ್ಖಾನೆಯಲ್ಲೇ ಒಗೆಸುವ ವ್ಯವಸ್ಥೆ ಕೇಳಿ.

ಅಪಾಯಕಾರಿ ಪ್ರಕ್ರಿಯೆಯಲ್ಲಿ ದುಡಿಯುವವರಿಗೆ 12 ತಿಂಗಳಿಗೊಮ್ಮೆಯಾದರೂ ವೈದ್ಯಕೀಯ ತಪಾಸಣೆ ಆಗಬೇಕು, ಅದರ ದಾಖಲೆಯನ್ನು ಕಾರ್ಮಿಕನಿಗೆ ತೋರಿಸಬೇಕು ಎಂಬುದೂ ಅದೇ ತಿದ್ದುಪಡಿಯಿಂದ ಬಂದದ್ದು. ರಕ್ತ, ಶ್ವಾಸಕೋಶ, ಕಿವಿ, ಕಣ್ಣಿನ ವರದಿಗಳ ಪ್ರತಿಯನ್ನು ವರ್ಷ ವರ್ಷವೂ ಒಂದೇ ಫೈಲಿನಲ್ಲಿಡಿ. ಕಳೆದ ವರ್ಷದ ಶ್ವಾಸದ ಅಂಕಿಯನ್ನು ಈ ವರ್ಷದ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಎರಡೂ ಮಿತಿಯೊಳಗೇ ಇದ್ದು ಎರಡನೆಯದು ಗಮನಾರ್ಹವಾಗಿ ಕಡಿಮೆಯಾಗಿದ್ದರೆ, ‘ನಾರ್ಮಲ್’ ಎಂದು ಬರೆದಿದ್ದರೂ ಫೈಲು ಹಿಡಿದುಕೊಂಡು ವೈದ್ಯರ ಬಳಿ ಹೋಗಿ, ಯಾವ ವಿಭಾಗದಲ್ಲಿ ಯಾವ ವಸ್ತುಗಳ ಜೊತೆ ಕೆಲಸ ಮಾಡುತ್ತೀರಿ ಎಂಬುದನ್ನು ಹೆಸರು ಸಮೇತ ತಿಳಿಸಿ.